ತಲೆಕಟ್ಟು ತಪ್ಪಿದ ರೈಲು

ಹೈದರಾಬಾದಿನ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ಲೇತ್ ತಿರುಗಿಸಿದವನು ನಾನು. ಐದು ವರ್ಷದ ಮಗಳಿಗೆ ಕನ್ನಡ ಕಲಿಸುವುದು ನನಗೆ ಯಾವ ಲೆಕ್ಕ! ಹಾಗೆಂದು ಎದೆ ತಟ್ಟಿಕೊಂಡೆ. ತಟ್ಟಿಕೊಂಡದ್ದು ಮಾವ ಶಿವಶರಣಪ್ಪನವರ ಮುಂದೆ, ಅದೇ ಎಡವಟ್ಟಾಯಿತು. ಮೊಮ್ಮಗಳು ಶೋಭಾ ಓಣಿಯಲ್ಲಿ ತೆಲುಗಿನಲ್ಲಿ ಜಗಳವಾಡುವುದನ್ನು ಕೇಳಿ ಅವರು ಹೌಹಾರಿದ್ದರು.

"ದಸರಾಕ್ಕ ಮತ್ತ ಬರ್ತೀನಿ. ಅಷ್ಟರಾಗ ಕೂಸಿಗೆ ಕನ್ನಡ ಓದಾಕ, ಲೆಕ್ಕಾ ಮಾಡಾಕ ಬರಲಿಲ್ಲಂದ್ರ ಗುಲ್ಬರ್ಗಾಕ್ಕ ಕರ್ಕೊಂಡು ಹೋಗಿ ಅಲ್ಲೇ ಸಾಲಿಗೆ ಹಾಕ್ತೀನಿ."

ಮಗಳಿಲ್ಲದ ಮನೆ ನನಗೆ ಬೇಡವೇ ಬೇಡ. ಅಂದೇ ಕಟ್ಟಿಗೆಯ ಆಟದ ರೈಲು ಕಟ್ಟಲು ನಿರ್ಧರಿಸಿದೆ. ಡಬ್ಬಿಗೊಂದು ಅಕ್ಷರ; ಜೋಡಿಸಿದರೆ ಪದ, ಚಕ್ರ ಎಣಿಸಿದರೆ ಲೆಕ್ಕ! ಪಾಟಿ ಬಳಪ ಸಾಲದೇ ಎಂದು ಹೆಂಡತಿ ಶಿವದೇವಿ ಕೇಳಿದಳು. ಪಾಟಿಗೆ ಚಕ್ರ ಇದೆಯೇ ಎಂದು ಬಾಯಿ ಮುಚ್ಚಿಸಿದೆ.

ಕಾಚಿಗೂಡದ ಪೇಟೆಯಿಂದ ಹಲಗೆ ತಂದೆ. ಚಕ್ರಕ್ಕೆ ದುಂಡನೆಯ ಕಟ್ಟಿಗೆ ಸಿಗಲಿಲ್ಲ. ಅಡುಗೆಮನೆಯ ಲಟ್ಟಣಿಗೆಯನ್ನೇ ಸೌತೆಕಾಯಿಯಂತೆ ಹೆಚ್ಚಿದೆ. ಅಂದಿನಿಂದ ಮನೆಯಲ್ಲಿ ಚಪಾತಿ ಬಂದ್. ಕಟ್ಟಿಗೆಯ ಹೊಟ್ಟು ಮಾತ್ರ ಸಾರಿನಲ್ಲೂ ಸಿಕ್ಕಿತು. ಬಣ್ಣ ಹಸಿ ಇದೆ, ಮುಟ್ಟಬೇಡ ಎಂದು ಶೋಭಾಳನ್ನು ಎರಡು ತಿಂಗಳು ಅಟ್ಟಿದೆ. ಅವಳು ಅಡುಗೆಮನೆಗೆ ಓಡುತ್ತಿದ್ದಳು. ಐವತ್ತು ಡಬ್ಬಿಯ ಮಹಾಯೋಜನೆ ಲಟ್ಟಣಿಗೆ ಮುಗಿದು ಮೂರಕ್ಕೇ ನಿಂತಿತು: ನ, ಗ, ರ.

ದಸರೆಗೆ ಮಾವ ಬಂದು ಕುರ್ಚಿಯಲ್ಲಿ ಕೂತರು. ನಾನು ಮುಂದಿಟ್ಟ ರೈಲಿಗೆ ಚಕ್ರ ಎಷ್ಟೆಂದು ಮೊದಲು ಮೊಮ್ಮಗಳನ್ನು ಕೇಳಿದರು.

"ಹನ್ನೊಂದು," ಎಂದಳು ಶೋಭಾ.

ಮೂರು ನಾಲ್ಕಲೆ ಹನ್ನೆರಡು ಎಂದು ನಾನು ಹಿಂದಿನಿಂದ ಪಿಸುಗುಟ್ಟಿದೆ. ಒಂದು ಬಿದ್ದು ಮಂಚದ ಕೆಳಗೆ ಹೋಗಿದೆ ಎಂದು ಅವಳು ಬಗ್ಗಿ ತೆಗೆದು ತೋರಿಸಿದಳು. ಮಾವ ತಲೆಯಾಡಿಸಿ, ಡಬ್ಬಿಯ ಮೇಲಿನದನ್ನು ಓದು ಎಂದರು.

"ಅಜ್ಜಾ, ಇದು ಕನ್ನಡ ಅಲ್ಲ. ತೆಲುಗು."

ಕನ್ನಡಕ ಹಾಕಿ ನೋಡಿದೆ. ಇಷ್ಟು ವರ್ಷ ಬಸ್ಸಿನ ಬೋರ್ಡು ಓದಿ ಓದಿ, ಕನ್ನಡದ ಅಡ್ಡ ತಲೆಕಟ್ಟು ಬರೆಯುವಲ್ಲಿ ತೆಲುಗಿನ ರೈಟ್ ಮಾರ್ಕು ಎಳೆದಿದ್ದೆ! ಮೂರು ತಪ್ಪಿಗೆ ಮೂರು ರೈಟು ನಾನೇ ಹಾಕಿಕೊಂಡಿದ್ದೆ. ಅಷ್ಟರಲ್ಲಿ ಶೋಭಾ ಅಡುಗೆಮನೆಯಿಂದ ಪಾಟಿ ತಂದು 'ನಗರ' ಎಂದು ಅಚ್ಚ ಕನ್ನಡದಲ್ಲಿ ಬರೆದಳು. ಅಲ್ಲೇ ಅವಳವ್ವ ದಿನಾ ಕಲಿಸುತ್ತಿದ್ದಳಂತೆ.

"ತಲೆಕಟ್ಟಷ್ಟೇ ಅಲ್ಲಪ್ಪಾ, ಇವರ ತಲೆನೇ ಕೆಟ್ಟೈತಿ," ಎಂದಳು ಶಿವದೇವಿ ತಂದೆಗೆ.

ಮಾವ ಪಾಟಿಯನ್ನೂ ಡಬ್ಬಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಕೂಸು ಇಲ್ಲೇ ಇರಲಿ," ಎಂದರು. "ಅಳಿಯಂದಿರ ಅರಿವಿ ಗಂಟು ಕಟ್ಟವ್ವಾ. ಗುಲ್ಬರ್ಗಾದ ಸಾಲಿಗೆ ಇವರನ್ನ ಹಾಕ್ತೀನಿ."