ಕೆಂಪು ನೆಲ, ಮಾವನ ಕೆನ್ನೆ

ನಮ್ಮ ಸೋದರಮಾವನ ಕೈಗೆ ಈ ಜನ್ಮದಲ್ಲಿ ಒಂದು ಸರ್ಟಿಫಿಕೇಟ್ ಬರುವುದು ಸಾಧ್ಯವೇ ಇಲ್ಲ ಎಂದು ನಮ್ಮೂರು ಕೋಗಿಲಿನ ಕ್ಷೌರದಂಗಡಿಯಲ್ಲಿ ಕೂತು ಸಾರಿದವನು ಬೇರೆ ಯಾರೂ ಅಲ್ಲ, ನಾನೇ. ಸಾರುವ ಅಧಿಕಾರ ನನಗಿತ್ತು. ನಮ್ಮ ವಂಶದಲ್ಲಿ ಬಿ.ಎಸ್ಸಿ. ಮುಗಿಸಿದ ಮೊದಲ ಪ್ರಾಣಿ ನಾನು! ಮೂರು ವರ್ಷ ಯಲಹಂಕದವರೆಗೆ ನಡೆದು, ಅಲ್ಲಿಂದ ಬಸ್ಸಿನ ಬಾಗಿಲಲ್ಲಿ ನೇತಾಡಿ ಗಳಿಸಿದ ಪದವಿ. ಮಾವನೋ, ಎರಡನೇ ಕ್ಲಾಸಿನಲ್ಲಿ ಸ್ಲೇಟು ಒಡೆದುಕೊಂಡು ಮನೆಗೆ ಬಂದವನು ಮತ್ತೆ ಶಾಲೆಯ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

ಅವನಿಗಿದ್ದದ್ದು ಒಂದೇ ವಿದ್ಯೆ: ಕೆನ್ನೆ. ಯಾರ ಮನೆಗೆ ಹೋದರೂ ಸೀದಾ ಅಡುಗೆಮನೆಗೆ ನುಗ್ಗಿ, ಒಲೆಯ ಪಕ್ಕ ಮಲಗಿ, ನೆಲಕ್ಕೆ ಕೆನ್ನೆ ಒತ್ತಿ, ಒಲೆಯ ಕಾವು ಕೆಳಗೆ ಎಷ್ಟು ಇಳಿದಿದೆ ಎಂದು ನೋಡುತ್ತಿದ್ದ. ನನಗೆ ಹೆಣ್ಣು ನೋಡಲು ಅಮೃತಹಳ್ಳಿಗೆ ಹೋದಾಗಲಾದರೂ ಸುಮ್ಮನಿದ್ದನೇ? ನಾವು ಪಡಸಾಲೆಯಲ್ಲಿ ಕಾಫಿಗೆ ಕಾಯುತ್ತಿದ್ದೇವೆ, ಮಾವ ಒಳಗೆ ಬೋರಲು ಬಿದ್ದಿದ್ದಾನೆ! ಹುಡುಗಿಯ ತಾಯಿ ಗಾಬರಿಯಾಗಿ ಮುಖಕ್ಕೆ ನೀರು ಚಿಮುಕಿಸಿದರಂತೆ. ಸಂಬಂಧ ಕುದುರಲಿಲ್ಲ; ಅವರ ಒಲೆ ಮಾತ್ರ ರಿಪೇರಿಯಾಯಿತು.

ಇಂಥವನ ಮಾತನ್ನು ಅಮ್ಮ ಕೇಳುತ್ತಿದ್ದಳು, ನನ್ನದನ್ನಲ್ಲ. ಅದೇ ನನ್ನ ಹೊಟ್ಟೆಯುರಿ. ಎಂಬತ್ತರ ದಶಕದ ಶುರುವಿನಲ್ಲಿ ನಮ್ಮ ಮನೆಗೆ ರೆಡ್ ಆಕ್ಸೈಡ್ ನೆಲ ಬಂತು. ಅಮ್ಮ ತೆಂಗಿನೆಣ್ಣೆ ತಿಕ್ಕಿ ತಿಕ್ಕಿ ಅದರಲ್ಲಿ ಮುಖ ಕಾಣುವಂತೆ ಮಾಡಿದ್ದಳು. ಸೌದೆ ಒಲೆಯನ್ನು ಹಾಗೇ ಇಟ್ಟರೆ ಕಾವಿಗೆ ನೆಲ ಬಿರಿಯುತ್ತದಲ್ಲ, ಕೆಳಗೆ ಏನು ಹಾಸುವುದು? ಪದವೀಧರನಿರುವಾಗ ಚಿಂತೆಯೇ! ಕಡಪ ಕಲ್ಲಿನ ಚಪ್ಪಡಿ ಎಂದೆ. ಮಾವ, ಮರಳು ಹರಡಿ, ಬೆರಳು ತೂರುವಷ್ಟು ಸಂದು ಬಿಟ್ಟು ಇಟ್ಟಿಗೆ ಜೋಡಿಸಿ, ಮೇಲೆ ಮಣ್ಣು ಮೆತ್ತಬೇಕು ಎಂದ. ಉಷ್ಣದ ಬಗ್ಗೆ ಅರ್ಧ ಗಂಟೆ ಪಾಠ ಮಾಡಿ ಆ ಒಂದು ಸಲ ನಾನು ಗೆದ್ದೆ.

ಮಾವ ಕೇಳಿದ್ದು ಇಷ್ಟೇ: "ಅಕ್ಕ ಬೆಳಗ್ಗೆ ಒಲೆ ಸಾರಿಸೋದ್ನ ಒಂದಿನಾನಾದ್ರೂ ಕುಂತು ನೋಡಿದ್ದೀಯೇನ್ಲಾ?"

ನೋಡಿರಲಿಲ್ಲ. ಚಪ್ಪಡಿ ಹಾಸಿದ ಮೂರನೇ ಬೆಳಗ್ಗೆ ಮುದ್ದೆ ಇಳಿಸಿದವಳೇ ಅಮ್ಮ, ಒಲೆ ಆರುವ ಮೊದಲೇ, ಎಂದಿನಂತೆ ಸುತ್ತ ಸಗಣಿ ನೀರಿನಲ್ಲಿ ಸಾರಿಸಿದಳು. ಕಾದ ಚಪ್ಪಡಿ ಠಪ್ ಎಂದಿತು. ಎತ್ತಿ ನೋಡಿದರೆ ಕೆಳಗಿನ ಕೆಂಪು ನೆಲವೂ ಮೊಳದುದ್ದ ಬಿರಿದಿತ್ತು. ಅಮ್ಮ ಬಿರುಕಿನ ಮೇಲೆ ಬೆರಳಾಡಿಸಿ, ಅಲ್ಲೇ ತೆಂಗಿನೆಣ್ಣೆ ತಿಕ್ಕತೊಡಗಿದಳು. ಬೈದಿದ್ದರೆ ವಾಸಿಯಿತ್ತು.

ಮಾವ ಚೂರುಗಳನ್ನು ಹೊರಗೆ ಹಾಕಿ ತನ್ನ ಮರಳು ಇಟ್ಟಿಗೆ ಹಾಸಿದ. ವಾರವಿಡೀ ಪಕ್ಕದಲ್ಲಿ ಕೆನ್ನೆ ಇಟ್ಟು ನೋಡಿದ. ಯಾರೂ ಇಲ್ಲದಾಗ ನಾನೂ ಇಟ್ಟೆ. ತಣ್ಣಗಿತ್ತು, ಹಾಳಾದ್ದು!

ಆಮೇಲೆ ಯಲಹಂಕದಲ್ಲಿ ಹೊಗೆಯಿಲ್ಲದ ಒಲೆ ಕಟ್ಟುವ ಸರ್ಕಾರಿ ತರಬೇತಿ ನಡೆಯಿತು. ಹತ್ತು ದಿನ, ಮಧ್ಯಾಹ್ನದ ಊಟ ಪುಕ್ಕಟೆ. ಮಾವನ ಅರ್ಜಿ ತುಂಬಿದವನು ನಾನು. ವಿದ್ಯಾರ್ಹತೆ ಎಂಬಲ್ಲಿ 'ಇಲ್ಲ' ಎಂದು ಕೊಂಚ ದಪ್ಪಗೇ ಬರೆದೆ. ಎಂಟನೇ ದಿನದ ಹೊತ್ತಿಗೆ ಉಳಿದವರಿಗೆ ಒಲೆಯ ತಳ ಹಾಕುವುದನ್ನು ಮಾವನೇ ಕಲಿಸುತ್ತಿದ್ದನಂತೆ. ಪ್ಯಾಂಟು ತೊಟ್ಟ ಇಂಜಿನಿಯರು ನೆಲಕ್ಕೆ ಕೆನ್ನೆ ಕೊಟ್ಟು ಮಲಗಿದ್ದರಂತೆ! ನನ್ನ ಮೂರು ವರ್ಷವೆಲ್ಲಿ, ಇವನ ಹತ್ತು ದಿನವೆಲ್ಲಿ? ಅಂದು ನನಗೆ ಊಟ ಸೇರಲಿಲ್ಲ.

ಕೊನೆಯ ದಿನ ಸಂಜೆ ಮಾವ ಟವೆಲಿನಲ್ಲಿ ಸುತ್ತಿದ ಕಾಗದ ಹಿಡಿದು ಬಂದ. ಅಮ್ಮ ಕೈ ಚಾಚಿದರೂ ಕೊಡಲಿಲ್ಲ. ನೇರ ನನ್ನ ಹತ್ತಿರ ಬಂದು, ಎರಡೂ ಕೈಯಲ್ಲಿ ಅದನ್ನು ನನ್ನ ಕೈಗಿಟ್ಟ.

"ನಿಧಾನಕ್ಕೆ ಓದು ಮಗಾ. ಮನೇಲಿ ಓದಾಕೆ ನೀನಿದ್ದೀಯ ಅಂತಲೇ ನಾನು ಈ ವಯಸ್ಸಲ್ಲಿ ಓಗಿ ಇದನ್ನ ಬರೆಸ್ಕಂಡು ಬಂದಿದ್ದು."