ಏಳನೆಯ ಗೇರಿನ ವಿಚಾರಣೆ

ಕೇಂದ್ರ ಏಕರೂಪತಾ ಮಂಡಳಿಯ ಕೊಚ್ಚಿ ಕಚೇರಿಯಲ್ಲಿ ಅರವತ್ತೊಂದು ಮಂದಿ ನೌಕರರೂ ಒಂದು ಸೈಕಲ್ಲೂ ಸೇವೆಯಲ್ಲಿದ್ದುದು ದಾಖಲೆಗಳಿಂದ ಸ್ಪಷ್ಟವಾಗುತ್ತದೆ. ದೇಶದಲ್ಲಿ ಯಾವುದಕ್ಕೆ ಯಾವುದು ಹೊಂದುತ್ತದೆ ಎಂದು ಪರೀಕ್ಷಿಸಿ ಪ್ರಮಾಣಪತ್ರ ಕೊಡುವುದು ಆ ಮಂಡಳಿಯ ಕೆಲಸ. ಕಚೇರಿಯ ಬಾಗಿಲಿಗೆ ಅದರ ಚಿಲಕ ಹೊಂದುತ್ತಿರಲಿಲ್ಲವಾದ್ದರಿಂದ ಬಾಗಿಲಿಗೆ ಕಲ್ಲು ಒತ್ತಿಡುತ್ತಿದ್ದರು. ಕಲ್ಲಿಗೆ ಪ್ರಮಾಣಪತ್ರ ಇತ್ತು.

ಸೈಕಲ್ಲು ಹಿರಿಯ ಸಹಾಯಕ ಶ್ರೀಹರಿಯವರದು. ಮೈಸೂರಿನವರು, ಐವತ್ತೆರಡು ವರ್ಷ, ಒಂಬತ್ತು ವರ್ಷದಿಂದ ಇಡಪ್ಪಳ್ಳಿಯ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಹೆಂಡತಿ ವಿಜಯಾ ಮೈಸೂರಿನಲ್ಲಿ ಬ್ಯಾಂಕ್ ಕೆಲಸದಲ್ಲಿದ್ದರು. ಸಾರಿಗೆ ಎಷ್ಟು ಹುಣಸೆಹಣ್ಣು ಹಾಕಬೇಕು ಎಂಬ ಒಂದೇ ವಿಷಯದ ಮೇಲೆ ಈ ದಂಪತಿ ಒಂಬತ್ತು ವರ್ಷ ಫೋನಿನಲ್ಲಿ ಸಂಸಾರ ಮಾಡಿದ್ದರು. ವರ್ಗಾವಣೆ ಕೋರಿ ಶ್ರೀಹರಿ ಹನ್ನೊಂದು ಅರ್ಜಿ ಹಾಕಿದ್ದರು. ಹನ್ನೊಂದಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂದಿತ್ತು. ಎರಡು ಉತ್ತರಗಳಂತೂ ಅರ್ಜಿ ಹಾಕುವ ಮೊದಲೇ ಬಂದಿದ್ದವು.

ಆಗ ಬಂದದ್ದು 'ಹಸಿರು ಹಾಜರಿ ಅಭಿಯಾನ'. ಸ್ವಂತ ಸೈಕಲ್ಲಿನಲ್ಲಿ ಸಾವಿರ ಕೆಲಸದ ದಿನ ಕಚೇರಿಗೆ ಬಂದಲ್ಲಿ ಕೇಳಿದ ಊರಿಗೆ ವರ್ಗ ಎಂದು ಸುತ್ತೋಲೆ ಹೇಳಿತು. ಅರವತ್ತು ಮಂದಿ ನಕ್ಕರು. ಶ್ರೀಹರಿ ಮಾತ್ರ, ವರ್ಗವಾಗಿ ಹೋಗುತ್ತಿದ್ದ ಒಬ್ಬರಿಂದ ಆರು ಗೇರಿನ ಹಳೆಯ ಸೈಕಲ್ ಕೊಂಡು, ಮಳೆಯೆನ್ನದೆ ಬಿಸಿಲೆನ್ನದೆ ಕಲೂರಿನ ಕಚೇರಿಗೆ ತುಳಿಯತೊಡಗಿದರು.

ಒಂಬೈನೂರ ಅರವತ್ತೆರಡನೆಯ ದಿನ ಸಂಜೆ, ಮೇಲ್ಸೇತುವೆಯ ಏರಿನಲ್ಲಿ ಚೈನ್ ಹಾರಿತು. ಮತ್ತೆ ಹಾಕಿದರು, ಮತ್ತೆ ಹಾರಿತು. ಮೂರನೆಯ ಸಲ ಎದೆ ಹ್ಯಾಂಡಲ್ಲಿಗೆ ಬಡಿದು 'ಅಮ್ಮಾ' ಎಂದರು.

ಕಲೂರಿನ ಬಸ್ ನಿಲ್ದಾಣದ ಹಿಂದೆ ವರೀದ್ ಚೇಟ್ಟನ್ ಎಂಬ ಮುದುಕರ ಸೈಕಲ್ ಅಂಗಡಿ. ಅವರು ಕನ್ನಡಕ ಹಣೆಗೇರಿಸಿ ನೋಡಿದರು.

"ಹಿಂದಿನ ಹಲ್ಲುಚಕ್ರ ಪೂರಾ ಸವೆದಿದೆ ಸಾರೇ. ಆರು ಗೇರಿನದು. ಇದನ್ನು ಮಾಡುವವರು ಮಾಡುವುದನ್ನು ಬಿಟ್ಟು, ಬಿಟ್ಟದ್ದನ್ನೂ ಮರೆತಿದ್ದಾರೆ. ಚೈನ್ ಕತ್ತರಿಸಿ ಒಂದೇ ಗೇರಿಗೆ ಹಾಕಿಕೊಡ್ತೇನೆ. ಹತ್ತು ನಿಮಿಷ, ಚಾಯ ಕುಡಿದು ಬನ್ನಿ."

ಶ್ರೀಹರಿ ಹೌಹಾರಿದರು. ಅಭಿಯಾನದ ನಾಲ್ಕನೆಯ ನಿಯಮದ ಪ್ರಕಾರ ಸೈಕಲ್ಲು ಘೋಷಿತ ಸ್ಥಿತಿಯಲ್ಲೇ ಇರತಕ್ಕದ್ದು. ಆರು ಗೇರ್ ಎಂದು ಘೋಷಿಸಿದ ಸೈಕಲ್ಲಿಗೆ ಆರೂ ಇರತಕ್ಕದ್ದು. ಒಂದು ಕಡಿಮೆಯಾದರೂ ಅದು ಬೇರೆ ಸೈಕಲ್ಲು, ಲೆಕ್ಕ ಒಂದರಿಂದ ಶುರು. ದುರಸ್ತಿಗೆ ಏಳು ದಿನ ಬಿಡುವು. ವರೀದ್ ಚೇಟ್ಟನ್ ನಲವತ್ತು ವರ್ಷದಲ್ಲಿ ಒಂದು ನಿಯಮವನ್ನೂ ಓದಿದವರಲ್ಲ. ಅವರ ಕೈಗೆ ಬಂದ ಸೈಕಲ್ಲುಗಳು ಓಡುತ್ತಿದ್ದುದೂ ಅದಕ್ಕೇ.

ಹುಡುಕಾಟ ಶುರುವಾಯಿತು. ಗಾಜಿನ ಬಾಗಿಲಿನ ದೊಡ್ಡ ಅಂಗಡಿಯೊಂದರಲ್ಲಿ ಎಂಟು, ಒಂಬತ್ತು, ಹನ್ನೊಂದು, ಹನ್ನೆರಡರವೆಲ್ಲ ಇದ್ದವು. ಹನ್ನೆರಡರದನ್ನು ಧಾರಾಳವಾಗಿ ಹಾಕಬಹುದೆಂದು ಅಂಗಡಿಯಾಕೆ ಹೇಳಿದಳು. ಅದಕ್ಕೆ ಚಕ್ರದ ನಡುವಿನ ಹಬ್ ಬದಲಿಸಬೇಕು, ಹಬ್ಬಿಗೆ ತಕ್ಕ ಚಕ್ರ, ಚಕ್ರಕ್ಕೆ ತಕ್ಕ ಚೌಕಟ್ಟು. "ಬೆಲ್ ಹಳೆಯದೇ ಸಾಕು ಸರ್" ಎಂದು ಸಮಾಧಾನ ಮಾಡಿದಳು. ಆಲುವದ ಗುಜರಿ ಅಂಗಡಿಗಳಲ್ಲಿ ಮೂರು ದಿನ ತುಕ್ಕು ಕೆದಕಿದ ಮೇಲೆ ಆರು ಹಲ್ಲುಚಕ್ರದ ಒಂದು ಗೊಂಚಲು ಸಿಕ್ಕಿತು! ಶ್ರೀಹರಿ ಅದನ್ನು ಕರ್ಚೀಫಿನಲ್ಲಿ ಸುತ್ತಿ, ಮೆಟ್ರೋದಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದರು. ವರೀದ್ ಚೇಟ್ಟನ್ ಎಣ್ಣೆ ಬಿಟ್ಟು ತಿರುಗಿಸಿದರು. ಒಂದೂವರೆ ಸುತ್ತಿಗೆ ಕಚ್ಚಿಕೊಂಡು ನಿಂತುಬಿಟ್ಟಿತು.

"ಇದರ ತಿರುಪಿನ ಥ್ರೆಡ್ ಫ್ರಾನ್ಸಿನದು. ನಮ್ಮದಕ್ಕೆ ಕೂರುವುದಿಲ್ಲ."

ಆರನೆಯ ದಿನ ಮುದುಕರೇ ದಾರಿ ತೋರಿಸಿದರು. ಏಳು ಗೇರಿನದು ಅದೇ ಹಬ್ಬಿಗೆ ಸಲೀಸಾಗಿ ಕೂರುತ್ತದೆ. ಹ್ಯಾಂಡಲ್ಲಿನಲ್ಲಿ ಗೇರು ಬದಲಿಸುವ ಗುಂಡಿಗೆ ಇರುವುದು ಆರೇ ಕ್ಲಿಕ್. ಆದ್ದರಿಂದ ಓಡುವುದೂ ಆರೇ.

"ಏಳನೆಯದು?"

"ಅದು ಸುಮ್ಮನೆ ಜೊತೆಗೆ ತಿರುಗುತ್ತಿರುತ್ತದೆ. ಕೆಲಸ ಇಲ್ಲ."

"ನಮ್ಮ ಕಚೇರಿಯಲ್ಲೂ ಹಾಗೆ ಕೆಲವರಿದ್ದಾರೆ, ಹಾಕಿ" ಎಂದರು ಶ್ರೀಹರಿ.

ಮರುದಿನ ಗೇಟಿನಲ್ಲೇ ತಪಾಸಣೆ. ಆಡಳಿತಾಧಿಕಾರಿ ಹರಿನಾರಾಯಣ ಕಾಸರಗೋಡಿನವರು, ಶ್ರೀಹರಿಗೆ ದಿನಾ ಮಧ್ಯಾಹ್ನ ತಮ್ಮ ಡಬ್ಬಿಯಿಂದ ಪಲ್ಯ ಹಾಕುವ ಆತ್ಮೀಯರು. ಪೆನ್ನಿನ ತುದಿಯಿಂದ ಒಂದೊಂದೇ ಎಣಿಸಿದರು.

"ಏಳು ಉಂಟಲ್ಲ ಮಾರಾಯ್ರೇ! ಎಲ್ಲಿಂದ ಬಂತು?"

"ಆರರದು ಸಿಗಲಿಲ್ಲ ಸಾರ್."

"ಸಿಗದೇ ಇದ್ದದ್ದು ತಪ್ಪಲ್ಲ. ಹೆಚ್ಚು ಸಿಕ್ಕಿದ್ದು ತಪ್ಪು."

ಹನ್ನೊಂದು ಗಂಟೆಗೆ ನೋಟಿಸು ಬಂತು. 'ತಮ್ಮ ಘೋಷಿತ ಗೇರುಗಳಿಗೆ ಮೀರಿದ ಒಂದು ಗೇರು ತಮ್ಮ ವಶದಲ್ಲಿ ಪತ್ತೆಯಾಗಿರುತ್ತದೆ. ಸದರಿ ಗೇರನ್ನು ಯಾರಿಂದ, ಯಾವ ಉಪಕಾರಕ್ಕೆ ಪ್ರತಿಯಾಗಿ ಪಡೆಯಲಾಯಿತು, ಹಾಗೂ ಕುಟುಂಬದ ಇತರ ಸದಸ್ಯರ ಹೆಸರಿನಲ್ಲಿ ಬೇರೆ ಗೇರುಗಳಿವೆಯೇ ಎಂಬುದನ್ನು ಮೂರು ಪ್ರತಿಗಳಲ್ಲಿ ತಿಳಿಸತಕ್ಕದ್ದು.' ಕೊಡುವಾಗ ಹರಿನಾರಾಯಣರು ಶ್ರೀಹರಿಯ ಭುಜ ತಟ್ಟಿದರು. "ಬೇಜಾರು ಮಾಡ್ಬೇಡಿ. ಸಹಿ ಮಾತ್ರ ನನ್ನದು. ಇವತ್ತು ತೊಂಡೆಕಾಯಿ ಪಲ್ಯ ಉಂಟು, ಬನ್ನಿ."

ಸೈಕಲ್ಲಿಗೆ 'ಸಾಕ್ಷ್ಯ-1' ಎಂಬ ಚೀಟಿ ಕಟ್ಟಿ ಹಳೆ ಕಡತದ ಕೋಣೆಯಲ್ಲಿ ಬೀಗ ಹಾಕಿದರು. ವಿಚಾರಣೆ ಮುಗಿಯುವವರೆಗೆ ಶ್ರೀಹರಿ ಬಸ್ಸಿನಲ್ಲಿ ಬರಬೇಕಾಯಿತು, ಬಸ್ಸಿನ ದಿನ ಲೆಕ್ಕಕ್ಕಿಲ್ಲ.

"ಇನ್ನು ಮೂವತ್ತೆಂಟೇ ದಿನ ಅಂದಿದ್ರಲ್ಲ ರೀ" ಎಂದರು ಫೋನಿನಲ್ಲಿ ವಿಜಯಾ. "ನಿಮ್ಮ ಬಟ್ಟೆಗೆ ಅಂತ ಬೀರುವಿನಲ್ಲಿ ಎರಡು ಅರೆ ಖಾಲಿ ಮಾಡಿಟ್ಟಿದ್ದೀನಿ."

ಶ್ರೀಹರಿಗೆ ಅಳು ಬಂತು. ಅಳುವುದಕ್ಕೆ ಯಾವ ನಮೂನೆಯೂ ಇಲ್ಲದ್ದರಿಂದ ಹಾಗೆಯೇ ಅತ್ತುಬಿಟ್ಟರು.

ಇತ್ತ ಗೇಟಿನ ಕಾವಲುಗಾರ ಮುನಿಯಪ್ಪ ತನ್ನ ಕೆಲಸ ತಾನು ಮಾಡುತ್ತಿದ್ದ. ಕೋಲಾರದ ಕಡೆಯವನು, ಸೈನ್ಯದಿಂದ ನಿವೃತ್ತನಾದವನು. ಅಭಿಯಾನದ ರಿಜಿಸ್ಟರು ಅವನ ಕೈಯಲ್ಲಿತ್ತು. ಅದರಲ್ಲಿ ಹಾಜರಿ ಹಾಕುವುದು ಸೈಕಲ್ಲಿನ ನಂಬರಿಗೆ. ಮನುಷ್ಯರ ಹೆಸರಿಗೆ ಹಾಕಿದರೆ ಪಕ್ಷಪಾತವಾದೀತೆಂದು ಮೇಲಿನವರು ಹಾಗೆ ಗೊತ್ತುಮಾಡಿದ್ದರು. ಪಕ್ಕದ ಕಾಲಮಿನಲ್ಲಿ ಸವಾರರು ಸಹಿ ಹಾಕಬೇಕು. ಬಸ್ಸಿನಿಂದಿಳಿದು ಬರುವಾಗ ಶ್ರೀಹರಿ ಇಣುಕಿದರು. ಸೈಕಲ್ಲಿಗೆ ಅವತ್ತಿನ ಗುರುತು ಬಿದ್ದಿತ್ತು.

"ಇದೇನು ಮುನಿಯಪ್ಪ?"

"ಗಾಡಿ ಆಫೀಸಿನ ಒಳಗೈತೆ ಸಾರ್. ಒಳಗಿರೋದನ್ನ ಗೈರು ಅಂತ ಹೆಂಗ್ ಬರೀಲಿ? ನಿಮ್ಮ ಕಾಲಮ್ ಖಾಲಿ ಬಿಟ್ಟಿವ್ನಿ."

ವಿಚಾರಣೆ ತಿರುವನಂತಪುರದ ವಲಯ ಕಚೇರಿಯಲ್ಲಿ. ಸಾಕ್ಷ್ಯವನ್ನು ಆರೋಪಿಯೇ ತರತಕ್ಕದ್ದು, ಆದರೆ ಅದರ ಮೇಲೆ ಕೂರತಕ್ಕದ್ದಲ್ಲ. ರೈಲಿನ ಲಗೇಜ್ ಡಬ್ಬಿಯಲ್ಲಿ ಸೈಕಲ್ ಹಾಕಿಸಿ, ಅಲ್ಲಿನ ತಂಪಾನೂರು ನಿಲ್ದಾಣದಲ್ಲಿ ಇಳಿಸಿಕೊಂಡು, ಶ್ರೀಹರಿ ಬಿಸಿಲಲ್ಲಿ ಎರಡು ಮೈಲಿ ತಳ್ಳಿಕೊಂಡು ಹೋದರು. ಅವತ್ತು ಅವರಿಗೆ ಅರ್ಧ ಸಂಬಳದ ರಜೆ. ಸೈಕಲ್ಲಿಗೆ ಮುನಿಯಪ್ಪ 'ಕರ್ತವ್ಯ ನಿಮಿತ್ತ ಹೊರಸಂಚಾರ' ಎಂದು ಬರೆದ.

ಸಮಿತಿಯ ಅಧ್ಯಕ್ಷೆ ಪ್ರೇಮ ಮೇಡಂ ಬಲು ಸೌಮ್ಯರು, ಆರೋಪಿಗೆ ಮೊದಲು ಸಂಭಾರ ಕುಡಿಸಿದರು. ಮಜ್ಜಿಗೆ ಮುಗಿದ ಮೇಲೆ ಕೇಳಿದರು.

"ಏಳನೆಯ ಗೇರನ್ನು ಬಳಸಿದ್ದೀರಾ?"

"ಇಲ್ಲ ಮೇಡಂ, ಅದಕ್ಕೆ ಕ್ಲಿಕ್ಕೇ ಇಲ್ಲ."

"ಬಳಸದ್ದನ್ನು ಯಾಕೆ ಇಟ್ಟುಕೊಂಡಿದ್ದೀರಿ?"

"ಏಳೂ ಒಂದೇ ಗೊಂಚಲು. ಅದನ್ನು ತೆಗೆದರೆ ಆರೂ ಹೋಗುತ್ತವೆ."

ಇದು ಸಮಿತಿಯ ಮನ ಮುಟ್ಟಿತು. ಸಮಿತಿಯಲ್ಲೂ ಒಬ್ಬರನ್ನು ತೆಗೆಯುವ ಮಾತು ನಡೆದಿತ್ತಂತೆ. ಅಷ್ಟರಲ್ಲಿ ಎರಡನೆಯ ಸದಸ್ಯರು ಏಳರಲ್ಲಿ ಹೆಚ್ಚುವರಿಯದು ಯಾವುದು ಎಂದು ಕೇಳಿದರು. ಅತಿ ದೊಡ್ಡದೆಂದು ಒಬ್ಬರು, ಅತಿ ಚಿಕ್ಕದೆಂದು ಇನ್ನೊಬ್ಬರು. ಏಳೂ ಒಟ್ಟಿಗೆ ಬಂದಿರುವಾಗ ಹಿರಿತನ ನಿರ್ಧರಿಸುವುದು ಹೇಗೆ? ಹೆಸರಿನ ಅಕ್ಷರಕ್ರಮ ನೋಡೋಣವೆಂದರೆ ಗೇರುಗಳಿಗೆ ಹೆಸರಿಲ್ಲ. ತಜ್ಞರ ಅಭಿಪ್ರಾಯಕ್ಕೆ ಕಳಿಸುವುದೆಂದು ತೀರ್ಮಾನವಾಯಿತು. ಶ್ರೀಹರಿ ಸೈಕಲ್ಲನ್ನು ತಳ್ಳಿಕೊಂಡು ಮರಳಿದರು, ಅದು ಮತ್ತೆ ಕಡತದ ಕೋಣೆ ಸೇರಿತು.

ತಜ್ಞರು ಏಳು ವಾರ ಯೋಚಿಸಿ, ಪ್ರಶ್ನೆ ತಮ್ಮ ವಿಷಯಕ್ಕೆ ಸೇರಿದ್ದಲ್ಲ ಎಂದು ಬರೆದರು. ಎಂಟನೆಯ ವಾರ ಸಮಿತಿಯ ತೀರ್ಪು ಬಂತು. 'ಗೇರು ತಾನಾಗಿ ಬಂದದ್ದಲ್ಲ, ಸೈಕಲ್ಲು ಅದನ್ನು ಕೇಳಿದ್ದೂ ಅಲ್ಲ. ಆದ್ದರಿಂದ ಸೈಕಲ್ಲು ನಿರ್ದೋಷಿ. ಸವಾರರಿಗೆ ಎಚ್ಚರಿಕೆ ನೀಡಲಾಗಿದೆ.'

ಆ ಹೊತ್ತಿಗೆ ಮುನಿಯಪ್ಪನ ರಿಜಿಸ್ಟರಿನಲ್ಲಿ ಸೈಕಲ್ಲಿನ ಎದುರು ಸಾವಿರದ ಗುರುತು ಬಿದ್ದಿತ್ತು. ಶ್ರೀಹರಿ ಅದನ್ನು ಎರಡು ಸಲ ಎಣಿಸಿದರು. ನಿಯಮ ಒಮ್ಮೆಯಾದರೂ ಬಡವನ ಕಡೆ ತಿರುಗಿತಲ್ಲ ಎಂದು ಹೇಳಲು ವಿಜಯಾಗೆ ಫೋನ್ ಮಾಡಿ, ಹುಣಸೆಹಣ್ಣಿನ ವಿಷಯ ಮಾತ್ರ ಕೇಳಿ ಇಟ್ಟುಬಿಟ್ಟರು.

ಹದಿನೈದು ದಿನಕ್ಕೆ ಆದೇಶ ಬಂತು. ಹರಿನಾರಾಯಣರೇ ಎದ್ದು ಬಂದು ಓದಿದರು. 'ಸಾವಿರ ದಿನಗಳ ನಿರಂತರ ಹಾಜರಿಯನ್ನು ಮೆಚ್ಚಿ, ಸೈಕಲ್ಲು ಸಂಖ್ಯೆ 40718ನ್ನು ಕೋರಿಕೆಯ ಮೇರೆಗೆ ಮೈಸೂರಿಗೆ ವರ್ಗಾಯಿಸಲಾಗಿದೆ.'

"ನಾನು?" ಎಂದರು ಶ್ರೀಹರಿ.

"ನಿಮ್ಮ ಕಾಲಮಿನಲ್ಲಿ ಒಂಬೈನೂರ ಅರವತ್ತೆರಡೇ ಉಂಟು. ಈಗ ಸೈಕಲ್ ಹೋಗ್ತದಲ್ಲ, ಅದೂ ರದ್ದು." ಅವರ ಕಣ್ಣು ನಿಜಕ್ಕೂ ಒದ್ದೆಯಾಗಿತ್ತು. "ಆದ್ರೂ ನೋಡಿ, ನಮ್ಮ ಆಫೀಸಿನಿಂದ ಕೇಳಿದ ಊರಿಗೆ ಹೋದವರು ಇದೇ ಮೊದಲು."

ಶುಕ್ರವಾರ ಬೀಳ್ಕೊಡುಗೆ. ಹ್ಯಾಂಡಲ್ಲಿಗೆ ಶಾಲು ಹೊದಿಸಿ, ಎಲ್ಲರಿಗೂ ಉಣ್ಣಿಯಪ್ಪ ಹಂಚಿದರು. ಒಬ್ಬರ ಮೇಲೂ ದೂರು ಹೇಳದ ಸಹೋದ್ಯೋಗಿ ಎಂದು ನಾಲ್ವರು ಮಾತಾಡಿದರು. ಕಡೆಗೆ ಶ್ರೀಹರಿಯೂ ಎದ್ದುನಿಂತು ಎರಡು ಮಾತು ಆಡಿದರು, ಚೆನ್ನಾಗಿಯೇ ಆಡಿದರು.

ಮೈಸೂರಿನ ಕಚೇರಿಯವರು ಸೈಕಲ್ಲನ್ನು ಮನೆಗೇ ತಲುಪಿಸಿ ಸಹಿ ಪಡೆದರು. ಗಂಡನಿರುವ ಊರಿಗೆ ವರ್ಗ ಮಾಡಿರೆಂದು ವಿಜಯಾ ತಮ್ಮ ಬ್ಯಾಂಕಿಗೆ ಕೊಟ್ಟಿದ್ದ ಅರ್ಜಿಯನ್ನು, ದಾಖಲೆಯ ಪ್ರಕಾರ ಕುಟುಂಬ ಒಂದಾಗಿದೆ ಎಂಬ ಕಾರಣಕ್ಕೆ, ಅದೇ ವಾರ ಮುಕ್ತಾಯಗೊಳಿಸಲಾಯಿತು. ಶ್ರೀಹರಿ ವರೀದ್ ಚೇಟ್ಟನ್ನರ ಬಳಿ ಗೇರೇ ಇಲ್ಲದ ಸೈಕಲ್ ಕೊಂಡು, ಮುಂದಿನ ಸೋಮವಾರ ಒಂದನೆಯ ದಿನದ ಸಹಿ ಹಾಕಿದರು. ಸಂಜೆ ವಿಜಯಾ ಫೋನ್ ಮಾಡಿದರು.

"ಹಾಲ್‌ನಲ್ಲೇ ನಿಲ್ಲಿಸಿದ್ದೀನಿ ರೀ. ದಿನಾ ಬೆಳಿಗ್ಗೆ ಒರೆಸ್ತೀನಿ. ಪಕ್ಕದ ಮನೆಯವರು ಕೇಳಿದ್ರು, ಯಜಮಾನ್ರು ಬಂದ್ರಂತಲ್ಲ ಅಂತ."

"ಏನಂದೆ?"

"ಹೂಂ, ಬಂದ್ರು ಅಂದೆ."