ಬಾಯ್ಲರ್ ಭಾವನ ಫ್ರೆಂಚ್ ಸಾರು

ನಮ್ಮ ಭಾವನಿಗೆ ಅಡುಗೆ ಬರುವುದಿಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ. ಹೇಗೆ ಹೇಳುತ್ತೀರಿ? ಸಿರುಗುಪ್ಪದ ಒಂದು ರೈಸ್‌ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ಬಾಯ್ಲರ್ ನೋಡಿಕೊಂಡ ಮನುಷ್ಯ. ಲಾರಿಗಟ್ಟಲೆ ಭತ್ತಕ್ಕೆ ಆವಿ ಕೊಟ್ಟು ಸ್ಟೀಮ್ ರೈಸ್ ಮಾಡಿಸಿದ ಕೈ. ಅವರು ಬೇಯಿಸಿದ್ದನ್ನು ಎಷ್ಟು ಊರಿನ ಜನ ಉಂಡಿದ್ದಾರೋ ಅವರಿಗೇ ತಿಳಿಯದು. ಆದರೆ ಸ್ವಂತ ಮನೆಯ ಒಲೆಯ ಮೇಲೆ ಅವರು ಒಂದು ಲೋಟ ನೀರು ಕಾಯಿಸಿದ್ದನ್ನು ಕಂಡವರು ಮಾತ್ರ ಒಬ್ಬರೂ ಇಲ್ಲ!

ಭಾವ ಎಂದರೆ ನನ್ನ ಅಕ್ಕನ ಗಂಡ. ನಿವೃತ್ತರಾದ ದಿನ ಮಿಲ್ಲಿನವರು ಶಾಲು ಹೊದಿಸಿ, ಹಾರ ಹಾಕಿ, ಬಾಯ್ಲರನ್ನು ತಮ್ಮಲ್ಲೇ ಇಟ್ಟುಕೊಂಡು ಅದರ ನಿಯಮಗಳನ್ನೆಲ್ಲ ಭಾವನ ಕೈಯಲ್ಲಿ ಮನೆಗೆ ಕಳಿಸಿಕೊಟ್ಟರು. ಮಿಲ್ಲಿನಲ್ಲಿ ಪಾಳಿ ಮುಗಿದವನು ಸುಮ್ಮನೆ ಎದ್ದು ಹೋಗುವಂತಿಲ್ಲ. ಮುಂದಿನವನು ಬಂದು “ಚಾರ್ಜ್ ತಗೊಂಡೆ” ಎಂದು ಬಾಯಿಬಿಟ್ಟು ಹೇಳಿದ ಮೇಲೇ ಬಾಯ್ಲರ್ ಬಿಡಬೇಕು. ಸರಿ, ಮನೆಯಲ್ಲೂ ಅದೇ ಕಾನೂನು. ಸಂತೆಗೆ ಹೊರಟರೂ ಹೊಸ್ತಿಲಲ್ಲಿ ನಿಂತು ಅಕ್ಕನ ಬಾಯಿಂದ ಆ ಮಾತು ಬರುವವರೆಗೆ ಕಾಯುತ್ತಾರೆ. ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, “ತಗೊಂಡೆ ಹೋಗ್ರಿ. ಮನಿ ಏನು ಎದ್ದು ಓಡಿ ಹೋಗತೈತೇನು?” ಎನ್ನುತ್ತಿದ್ದಳು.

ಒಮ್ಮೆ ಹೊಸ ಕುಕ್ಕರ್ ತಂದಾಗ ಅದರ ಸೇಫ್ಟಿ ವಾಲ್ವ್ ಪರೀಕ್ಷೆ ಮಾಡದೆ ಉಪಯೋಗಿಸುವುದು ಅಪರಾಧವೆಂದು ಹಟ ಹಿಡಿದರು. ಅಕ್ಕನ ಕೈಯಲ್ಲೇ ಒಲೆಗೆ ಇಡಿಸಿ ಪರೀಕ್ಷೆ ಮಾಡಿದರು. ವಾಲ್ವ್ ಚೆನ್ನಾಗಿ ಕೆಲಸ ಮಾಡಿತು. ಎಷ್ಟು ಚೆನ್ನಾಗಿ ಎಂದರೆ, ಒಳಗಿದ್ದ ತೊಗರಿಬೇಳೆ ಅಷ್ಟೂ ಮೇಲೆ ಹೋಗಿ ಛಾವಣಿಗೆ ಅಂಟಿತು. ಮನೆಗೆ ಬಂದ ನೆಂಟರು ಇವತ್ತಿಗೂ ಕತ್ತೆತ್ತಿ ನೋಡಿ, “ಮಳಿಗಾಲದಾಗ ಸೋರತೈತೇನ್ರಿ?” ಎಂದು ಮರುಗುತ್ತಾರೆ.

ಇಂಥ ಭಾವ ಈ ವರ್ಷ ಅಡುಗೆಗೆ ಕೈ ಹಾಕಿದರು. ಅದಕ್ಕೆ ಕಾರಣ ನಗುವಂಥದ್ದಲ್ಲ.

ನಮ್ಮ ಅಕ್ಕನ ನಾಲಿಗೆಗೆ ಹೆದರದ ಅಡುಗೆಯವನು ನಮ್ಮ ಕಡೆ ಇರಲಿಲ್ಲ. ಮದುವೆಯ ಪಂಕ್ತಿಯಲ್ಲಿ ಕೂತು, ಒಂದೇ ತುತ್ತಿಗೆ, ಬೇಳೆ ಯಾವ ಅಂಗಡಿಯದು, ಅದನ್ನು ಎಷ್ಟು ಹೊತ್ತು ಮೊದಲೇ ಇಳಿಸಿದ್ದಾರೆ ಎಂದೆಲ್ಲ ಹೇಳಿಬಿಡುವವಳು. ಚಳಿಗಾಲದಲ್ಲಿ ಬಳ್ಳಾರಿಯಲ್ಲಿ ಅವಳ ಹೊಟ್ಟೆಗೆ ಆಪರೇಷನ್ ಆಯಿತು. ಗಾಯ ಮಾಯಿತು, ನಾಲಿಗೆ ಮಾತ್ರ ಸತ್ತುಹೋಯಿತು. ಔಷಧಗಳ ಕಾಟವೋ ಏನೋ, ಬಾಯಿಗಿಟ್ಟದ್ದೆಲ್ಲ ಒದ್ದೆ ಕಾಗದದ ಹಾಗೆ ಅನ್ನಿಸುತ್ತಿತ್ತಂತೆ. ಏನು ಕೊಟ್ಟರೂ ಎರಡು ಚಮಚ ತಿಂದು, “ಹೂಂ, ಚೆನ್ನಾಗೈತಿ” ಎಂದು ತಟ್ಟೆ ಸರಿಸುವಳು. ನನ್ನ ಉಪ್ಪಿಟ್ಟಿಗೂ ಚೆನ್ನಾಗೈತಿ ಎಂದಳು. ಅವತ್ತು ನನಗೆ ನಿಜಕ್ಕೂ ಭಯವಾಯಿತು.

ತೂಕ ಇಳಿಯುತ್ತಲೇ ಇತ್ತು. ಕೊನೆಗೆ ಡಾಕ್ಟರು, ಇನ್ನೊಂದು ತಿಂಗಳು ಹೀಗೇ ಆದರೆ ಮೂಗಿನಿಂದ ನಳಿಕೆ ಹಾಕಿ ಊಟ ಕೊಡಬೇಕಾಗುತ್ತದೆ ಎಂದರು. ಮೆತ್ತಗೆ ಬೆಂದದ್ದು, ಗಟ್ಟಿ ಸತ್ವ ಇರುವುದು ಏನಾದರೂ ಕೊಡಿ, ಮಾಂಸವಾದರೂ ಸರಿ ಎಂದರು. ಭಾವ ಸಿರುಗುಪ್ಪದ ಬಸ್ಸು ಹತ್ತಿ ಕೂತವರೇ ಮೊಬೈಲ್ ತೆಗೆದರು.

ಮೊಬೈಲಿನಲ್ಲಿ ಸಿಕ್ಕಿದ್ದು ಒಬ್ಬ ಫ್ರೆಂಚ್ ಅಜ್ಜಿ.

ಅಜ್ಜಿ ದಪ್ಪ ಕಬ್ಬಿಣದ ಪಾತ್ರೆಯಲ್ಲಿ ಮಾಂಸ, ಗಜ್ಜರಿ, ಈರುಳ್ಳಿ ಹಾಕಿ ನಾಲ್ಕು ಗಂಟೆ ಸಣ್ಣ ಉರಿಯಲ್ಲಿ ಬೇಯಿಸುತ್ತಾಳೆ. ಕೊನೆಗೆ ಮಾಂಸವನ್ನು ಚಮಚದಲ್ಲಿ ಒತ್ತಿದರೆ ಅದು ಬೆಣ್ಣೆಯ ಹಾಗೆ ಬಿಚ್ಚಿಕೊಳ್ಳುತ್ತದೆ. ಭಾವ ಆ ವಿಡಿಯೊವನ್ನು ಒಂದು ವಾರ ದಿನಾ ನೋಡಿದರು, ಅದೂ ಧ್ವನಿ ಬಂದ್ ಮಾಡಿಕೊಂಡು. ತಿಳಿಯದ ಭಾಷೆಯನ್ನು ಯಾಕೆ ಕೇಳಬೇಕು ಎನ್ನುವುದು ಅವರ ವಾದ. ಪಾಪ, ಅಜ್ಜಿ ಏನೇನು ಎಚ್ಚರಿಕೆ ಕೊಟ್ಟಳೋ! ಅವಳು ಕಣ್ಣೊರೆಸಿಕೊಂಡದ್ದನ್ನು ಕಂಡು, ತೀರಿಹೋದ ಗಂಡನ ನೆನಪಾಗಿರಬೇಕು ಎಂದು ಭಾವ ಮರುಗಿದರು. ಅವಳು ಈರುಳ್ಳಿ ಹೆಚ್ಚುತ್ತಿದ್ದಾಳೆ ಎಂದು ನಾನು ತೋರಿಸಿಕೊಡಬೇಕಾಯಿತು.

ಅಜ್ಜಿಯ ಪಾತ್ರೆಯಲ್ಲಿರುವುದು ದನದ ಮಾಂಸ ಎಂದು ತಿಳಿದದ್ದು ನಾಲ್ಕನೆಯ ದಿನ. ನಮ್ಮದು ಭಾನುವಾರ ಮಟನ್ ತಿನ್ನುವ ಮನೆ, ನಿಜ. ಆದರೆ ದನದ ಮಾತನ್ನು ಒಳಗೆ ತರುವಂತಿಲ್ಲ. ಹಾಗಾದರೆ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಭಾವ ಕದಲಲಿಲ್ಲ.

“ಕಲ್ಲಿದ್ದಲು ಇಲ್ಲಾಂದ್ರ ಬಾಯ್ಲರ್ ನಿಲ್ಲಿಸಿದ್ವೇನು? ಭತ್ತದ ಹೊಟ್ಟು ಹಾಕಿ ನಡೆಸಿದ್ವಿ. ಉರುವಲು ಬ್ಯಾರೆ, ಆವಿ ಒಂದೇ. ನಾವು ಕುರಿ ಹಾಕೋಣು.”

ಇನ್ನು ವೈನ್. ಅಜ್ಜಿ ಒಂದು ಬಾಟಲಿ ಕೆಂಪು ವೈನನ್ನು ಹಿಂದೆಮುಂದೆ ನೋಡದೆ ಸುರಿಯುತ್ತಾಳೆ. ಭಾವ ಜೀವಮಾನದಲ್ಲಿ ಕುಡಿದವರಲ್ಲ. ಆದರೂ ಆಸ್ಪತ್ರೆಗೆ ಫೋನ್ ಮಾಡಿ ಡಾಕ್ಟರನ್ನೇ ಕೇಳಿದರು, ಒಂದು ಬಾಟಲಿ ವೈನ್ ನಡೆಯುತ್ತದೆಯೇ ಎಂದು. ಡಾಕ್ಟರು, “ನಿಮಗೋ, ಪೇಷಂಟಿಗೋ?” ಎಂದರಂತೆ. ಪೇಷಂಟಿನ ಸಾರಿಗೆ ಎಂದಾಗ ಖಡಾಖಂಡಿತ ಬೇಡವೆಂದರು. ಭಾವ ಕಪ್ಪು ದ್ರಾಕ್ಷಿ ಹಿಂಡಿ, ಅದಕ್ಕೆ ಹುಣಸೆಹುಳಿ ಸೇರಿಸಿ ಕುದಿಸಿ, ಬಣ್ಣವನ್ನು ಮೊಬೈಲಿನ ಪಕ್ಕ ಹಿಡಿದು ನೋಡಿದರು. ಬಣ್ಣ ತಾಳೆಯಾಯಿತು. ರುಚಿ ಮೊಬೈಲಿನಲ್ಲಿ ಕಾಣುವುದಿಲ್ಲವಲ್ಲ, ಹಾಗಾಗಿ ಅದೂ ತಾಳೆಯಾಯಿತು.

ಭಾನುವಾರ ಬೆಳಗ್ಗೆ ಅವರ ಬೈಕಿನ ಹಿಂದೆ ಕೂತು ಕುರುಗೋಡಿಗೆ ಹೋದೆ. ಸಿರುಗುಪ್ಪದಲ್ಲಿ ಮಟನ್ ಅಂಗಡಿಗೆ ಬರವೇ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಕಾಲುವೆ ನೀರಿನ ಹುಲ್ಲು ಮೇಯ್ದ ಕುರಿ ಬೇಗ ಬೇಯುತ್ತದೆ, ಅದು ನಾಲ್ಕು ಗಂಟೆಯ ಕೆಲಸಕ್ಕೆ ತಾಳುವುದಿಲ್ಲ. ಕುರುಗೋಡಿನ ಬಂಡೆಗುಡ್ಡ ಹತ್ತಿ ಇಳಿದ ಕುರಿಯೇ ಆಗಬೇಕು ಎಂದರು. ಅಂಗಡಿಯವನ ಮುಂದೆ ನಿಂತು, ಬಲು ವಯಸ್ಸಾದ, ಭಾಳ ನಡೆದಾಡಿದ ಕುರಿಯ ಮಾಂಸ ಕೊಡು ಎಂದು ಕೇಳಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂಗಡಿಯವನಿಗೆ ಅವಮಾನವಾಯಿತು. ತನ್ನ ಅಂಗಡಿಯಲ್ಲಿ ಎಳೆಯದು ಬಿಟ್ಟು ಬೇರೆ ಮಾರುವುದೇ ಇಲ್ಲ ಎಂದು ಎಲ್ಲರಿಗೂ ಕೇಳುವಂತೆ ಸಾರಿದ. ಸಾಲು ಕರಗಿದ ಮೇಲೆ ಮೆಲ್ಲಗೆ ಭಾವನನ್ನು ಕರೆದು ಕೈಗೆ ಪೊಟ್ಟಣ ಕೊಟ್ಟ.

“ತಗೋರಿ. ದಿನಾ ಎಲ್ಲಾರಿಗೂ ಕೊಡೋದು ಇದನ್ನ. ಬಾಯಿಬಿಟ್ಟು ಕೇಳಿದೋರು ನೀವೊಬ್ಬರೇ ನೋಡ್ರಿ.”

ಸಣ್ಣ ಉರಿಗೆ ಭಾವ ಗ್ಯಾಸನ್ನು ನಂಬಲಿಲ್ಲ. ಹಿತ್ತಲಲ್ಲಿ ಹೊಟ್ಟಿನ ಒಲೆ ಹೂಡಿದರು. ಹಳೆಯ ಎಣ್ಣೆಡಬ್ಬದ ಮಧ್ಯೆ ಒಂದು ಬಾಟಲಿ ನಿಲ್ಲಿಸಿ, ಸುತ್ತಲೂ ಭತ್ತದ ಹೊಟ್ಟನ್ನು ಬಿಗಿಯಾಗಿ ತುಂಬಿ, ಬಾಟಲಿಯನ್ನು ತಿರುಗಿಸುತ್ತಾ ಮೇಲಕ್ಕೆ ಎಳೆದರೆ ನಡುವೆ ಕೊಳವೆಯ ಹಾಗೆ ತೂತು ಉಳಿಯುತ್ತದೆ. ಕೆಳಗಿನ ಕಂಡಿಯಿಂದ ಒಂದು ಕೊಳ್ಳಿ ತೂರಿಸಿದರೆ ಸಾಕು, ಹೊಟ್ಟು ಊದುವ ಗೋಜಿಲ್ಲದೆ ಗಂಟೆಗಟ್ಟಲೆ ಒಂದೇ ಸಮನೆ ಉರಿಯುತ್ತದೆ. ನಿಜ ಹೇಳಬೇಕೆಂದರೆ ಆ ಫ್ರೆಂಚ್ ಅಜ್ಜಿ ಇದನ್ನು ನೋಡಿದ್ದರೆ ತನ್ನ ಒಲೆ ಮಾರಿ ಸಿರುಗುಪ್ಪಕ್ಕೆ ಬರುತ್ತಿದ್ದಳು.

ಅಕ್ಕನನ್ನು ಹಿತ್ತಲ ಬಾಗಿಲಿನ ಹತ್ತಿರ ಮಂಚದ ಮೇಲೆ ಕೂರಿಸಿದ್ದೆವು. ಮೊದಲಾಗಿದ್ದರೆ ಅಲ್ಲಿಂದಲೇ ನೂರು ಮಾತು ಬರಬೇಕಿತ್ತು. ಭಾವ ಗಜ್ಜರಿಯನ್ನು ಸ್ಪ್ಯಾನರ್ ಹಿಡಿದ ಹಾಗೆ ಹಿಡಿದು ಹೆಚ್ಚಿದರು, ಈರುಳ್ಳಿಯನ್ನು ಸಿಪ್ಪೆ ಸಮೇತ ಹಾಕಲು ಹೋದರು. ಅಕ್ಕ ಸುಮ್ಮನೆ ನೋಡುತ್ತಿದ್ದಳು. ಮಸಾಲೆ ಇಲ್ಲದೆ ಕುರಿ ಬೇಯಿಸುತ್ತಿದ್ದಾರೆ ಎಂದು ನಾನು ಚಾಡಿ ಹೇಳಿದೆ. “ಇರಲಿ ಬಿಡು,” ಎಂದಳು.

ಪಾತ್ರೆ ಒಲೆ ಏರಿತು. ಭಾವ ಕುರ್ಚಿ ಹಾಕಿಕೊಂಡು ಎದುರು ಕೂತರು. ಅವರ ಕೈಯಲ್ಲಿ ಒಂದು ಬಿದಿರಿನ ಕಡ್ಡಿ, ಅದರ ಮೇಲೆ ಇದ್ದಿಲಿನ ಒಂದು ಗೆರೆ. ಕಾಲು ಗಂಟೆಗೊಮ್ಮೆ ಕಡ್ಡಿಯನ್ನು ಪಾತ್ರೆಗೆ ಇಳಿಸಿ, ನೀರು ಗೆರೆಯಿಂದ ಕೆಳಗಿದ್ದರೆ ಒಂದು ಚೊಂಬು ಬಿಸಿನೀರು ಸುರಿಯುವರು. ಸುರಿದ ಮೇಲೆ ಸಪ್ಪೆಯಾಯಿತೇನೋ ಎಂದು ಒಂದು ಚಿಟಿಕೆ ಉಪ್ಪು. ಅಜ್ಜಿಯ ಪಾತ್ರೆಯಲ್ಲಿ ನೀರು ಇಂಗಿ ಇಂಗಿ ಗಟ್ಟಿಯಾಯಿತಲ್ಲ ಭಾವ, ನೀವೇಕೆ ಸುರಿಯುತ್ತಿದ್ದೀರಿ ಎಂದು ಕೇಳಿದೆ.

“ನೀರು ಗೆರಿ ಕೆಳಗ ಇಳಿದ್ರ ಏನಾಗತೈತಿ ಗೊತ್ತೇನಮ್ಮಾ ನಿನಗ? ಗ್ವಾಡಿ ಸಮೇತ ಹಾರಿ ಹೋಗತೈತಿ.”

ಮುಚ್ಚಳ ತೆರೆದ ಪಾತ್ರೆ ಎಲ್ಲಿಗೆ ಹಾರುತ್ತದೆ? ಆದರೆ ಮೂವತ್ತೊಂದು ವರ್ಷ ಬಾಯ್ಲರಿನ ನೀರಿನ ಗೆರೆಯ ಮೇಲೇ ಕಣ್ಣಿಟ್ಟು ಕಾದವರ ಮುಂದೆ ಯಾವ ವಾದ ನಿಲ್ಲುತ್ತದೆ! ನಡುವೆ ಒಮ್ಮೆ ಬಚ್ಚಲಿಗೆ ಹೋಗಬೇಕಾದಾಗ, ನನ್ನಿಂದ “ಚಾರ್ಜ್ ತಗೊಂಡೆ” ಅನ್ನಿಸಿಕೊಂಡೇ ಎದ್ದರು. ಆ ಎರಡು ನಿಮಿಷದಲ್ಲಿ ರುಚಿ ನೋಡೋಣವೆಂದು ಸೌಟು ಎತ್ತಿದರೆ ಬಚ್ಚಲಿನ ಒಳಗಿಂದಲೇ ಗದರಿಸಿದರು: ಯಾರೂ ಎಂಜಲು ಮಾಡುವಂತಿಲ್ಲ, ಮೊದಲ ಬಟ್ಟಲು ಅವಳದು.

ನಾಲ್ಕು ಗಂಟೆಯ ಕೊನೆಗೆ ಮಾಂಸವೇನೋ ಬೆಣ್ಣೆಯಾಗಿತ್ತು. ಆದರೆ ಅದರ ಸುತ್ತ ಇದ್ದದ್ದು ಅಜ್ಜಿಯ ಗಟ್ಟಿ ಗೊಜ್ಜಲ್ಲ. ಹಚ್ಚೊಳ್ಳಿ ಕಡೆಯ ಕಾಲುವೆಗೆ ನೀರು ಬಿಟ್ಟಂತೆ ತುಂಬಿ ತುಳುಕುವ ತಿಳಿಸಾರು.

ಭಾವ ಬಟ್ಟಲು ಹಿಡಿದು ಅಕ್ಕನ ಮುಂದೆ ಕೂತರು. ಮಾಂಸವನ್ನು ಚಮಚದಲ್ಲೇ ಹಿಸುಕಿ ಸಾರಿನಲ್ಲಿ ಕದಡಿ ಬಾಯಿಗೆ ಹಿಡಿದರು. ಅಕ್ಕ ಒಂದು ಚಮಚ ನುಂಗಿದಳು. ಇನ್ನು “ಚೆನ್ನಾಗೈತಿ” ಬರುತ್ತದೆ ಎಂದು ನಾನು ಮನಸ್ಸು ಗಟ್ಟಿಮಾಡಿಕೊಂಡೆ. ಅವಳ ಹುಬ್ಬು ಗಂಟಾಯಿತು. ಬಾಯೊಳಗೆ ನಾಲಿಗೆ ಎರಡು ಸಲ ಹೊರಳಿತು.

“ಏನ್ರಿ ಇದು? ಉಪ್ಪಿನ ಚೀಲ ಬಿದ್ದೈತೇನು ಇದರೊಳಗ?”

ನಾನು ಬೆರಳದ್ದಿ ನೆಕ್ಕಿದೆ. ಹೌದು, ಸಮುದ್ರ! ಕಾದು ಆವಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ, ಒಳಗೇ ಕೂಡುತ್ತಾ ಬರುತ್ತದೆ. ಬಾಯ್ಲರಿನ ಹತ್ತಿರ ಒಂದು ವಾರ ಕೆಲಸ ಮಾಡಿದವನಿಗೂ ತಿಳಿದಿರುವ ಮಾತಿದು. ಭಾವನಿಗೆ ತಿಳಿಯದೆ ಇದ್ದೀತೇ? ಈ ಮನುಷ್ಯ ನಾಲ್ಕು ಗಂಟೆ ಆ ಪಾತ್ರೆಯ ಮುಂದೆ ಅದನ್ನೂ ಮರೆಯುವಷ್ಟು ಹೆದರಿಕೊಂಡು ಕೂತಿದ್ದರು ಎನ್ನುವುದು ನನಗೆ ಆಗ ಹೊಳೆಯಿತು.

ಭಾವನ ಕೈಯಲ್ಲಿದ್ದ ಚಮಚ ಹಾಗೇ ನಿಂತಿತ್ತು.

“ಏನಂದಿ?” ಎಂದರು. “ಇನ್ನೊಮ್ಮೆ ಹೇಳು.”

“ಉಪ್ಪು ಹೆಚ್ಚಾಗೈತಿ ಅಂದೆ. ಕಿವಿನೂ ಮಿಲ್ಲಿನಾಗ ಬಿಟ್ಟು ಬಂದೀರೇನು?”

ನಾನು ಬಿಸಿನೀರು ತರಲು ಓಡಿದೆ. ಉಪ್ಪು ತಿಳಿಯಾಗಲೆಂದು ಬಟ್ಟಲಿಗೆ ಅರ್ಧ ಲೋಟ ಬೆರೆಸಿದೆ. ಭಾವ ಮುಂದಿನ ಚಮಚ ಹಿಡಿದರು. ಅಕ್ಕ ನುಂಗಿ, ಹುಳಿಗೆ ಬೆಲ್ಲ ಸಾಲದು ಎಂದಳು.

“ಹೂಂ. ಮತ್ತೇನು?”

ಗಜ್ಜರಿಯ ಮೇಲಿನ ಮಣ್ಣು ಸರಿಯಾಗಿ ತೊಳೆದಿಲ್ಲ ಎಂದಳು. ಇನ್ನೊಂದು ಚಮಚ.

“ಮತ್ತೇನು?”

ಈರುಳ್ಳಿ ಹುರಿಯುವಾಗ ಒಂದು ಕಡೆ ಸೀದಿದೆ, ಅದರ ಕಹಿ ಹಾಗೇ ಇದೆ. ಶುಂಠಿ ಬೀಳಬೇಕಿತ್ತು. ಕುರಿಯ ಕೊಬ್ಬು ಹಾಗೇ ಬಿಟ್ಟಿದ್ದೀರಿ. ಇಂಥದ್ದನ್ನು ಉಣ್ಣುವ ಆ ಮುದುಕಿಯ ಮನೆಯವರು ಎಂಥ ಪುಣ್ಯವಂತರೋ!

ಅಕ್ಕನ ಒಂದೊಂದು ತಕರಾರಿಗೂ ಒಂದೊಂದು ಚಮಚ ಒಳಗೆ ಹೋಗುತ್ತಿತ್ತು. ಬಟ್ಟಲಿನ ತಳ ಕಾಣುತ್ತಾ ಬಂತು. ಎಂದೂ ಯಾರ ಮಾತಿಗೂ ತಲೆಬಾಗದ ಭಾವ ಎಲ್ಲದಕ್ಕೂ ತಲೆಯಾಡಿಸುತ್ತಿದ್ದರು. ಕಣ್ಣಿನಿಂದ ಗಡ್ಡಕ್ಕೆ ಇಳಿದುಬಂದ ನೀರನ್ನು ಒರೆಸಿಕೊಳ್ಳಲು ಅವರಿಗೆ ಕೈ ಬಿಡುವಿರಲಿಲ್ಲ. ಒಂದು ಕೈಯಲ್ಲಿ ಬಟ್ಟಲಿತ್ತು, ಇನ್ನೊಂದರಲ್ಲಿ ಚಮಚ.

ಅಕ್ಕ ಒಂದು ಕ್ಷಣ ಅವರ ಮುಖವನ್ನೇ ನೋಡಿದಳು. ಆಮೇಲೆ ತನ್ನ ಸೆರಗಿನ ತುದಿಯಿಂದ ಅವರ ಕೆನ್ನೆ ಒರೆಸಿ, ದನಿ ತಗ್ಗಿಸಿ ಹೇಳಿದಳು:

“ಸುಮ್ಮನ ಕುಂತೀರೇನು? ಹಾಕ್ರಿ ಇನ್ನೊಂದು ಬಟ್ಟಲು. ಇನ್ನೂ ಭಾಳ ತಪ್ಪು ಅದಾವು.”